ಟಿಟ್ಟಿಭ ಎರಡನೇ ಸಲ ಮೊಟ್ಟೆಯಿಟ್ಟ ವರ್ಷ

ತೀರಿಕೊಂಡ ಅಮ್ಮನ ಶಿವಗಣಾರಾಧನೆಯ ದಿನ ಮಧ್ಯಾಹ್ನ, ಊಟ ಮುಗಿಸಿ ಕೈ ತೊಳೆಯುತ್ತಾ ಅಣ್ಣ ಹೇಳಿದ: "ಇನ್ಮೇಲೆ ನೀನು ಫ್ರೀ ಕಣಮ್ಮ. ಆರಾಮಾಗಿರು." ಒಂಬತ್ತು ವರ್ಷ ಅಮ್ಮನ ಹೇಲುಚ್ಚೆ ಬಳಿದು, ಬಾಯಿಗೆ ಗಂಜಿ ಹಾಕಿ, ಅವಳ ಹೆಸರನ್ನು ಅವಳಿಗೇ ದಿನಕ್ಕೆ ಹತ್ತು ಸಲ ಹೇಳಿಕೊಟ್ಟ ನನಗೆ ಅವನು ಕೊಟ್ಟ ಸರ್ಟಿಫಿಕೇಟು ಅದು. ಅತ್ತಿಗೆ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿಕೊಂಡರು. ಐದು ಗಂಟೆಗೆಲ್ಲ ಅವರ ಕಾರು ತುಮಕೂರಿನ ದಾರಿ ಹಿಡಿದಿತ್ತು.

ಅದಕ್ಕೂ ಮುಂಚೆ ನಾನು ಗುಬ್ಬಿಯಲ್ಲಿ ವಿಜ್ಞಾನದ ಟೀಚರಾಗಿದ್ದೆ. ಮರೆವಿನ ಕಾಯಿಲೆ ಹತ್ತಿದ್ದ ಅಮ್ಮ ಒಂದು ಬೆಳಿಗ್ಗೆ ಮನೆಯಿಂದ ಹೊರಟು, ಕುಣಿಗಲ್ ಬಸ್‌ಸ್ಟಾಂಡಿನಲ್ಲಿ ಬರೀ ಲಂಗದಲ್ಲಿ ನಿಂತಿದ್ದಳು. ಆ ವಾರವೇ ಕೆಲಸ ಬಿಟ್ಟೆ. ಬಿಡು ಅಂತ ಅಣ್ಣ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮದುವೆಯಾಗದ ಹೆಣ್ಣು ಮನೆಯಲ್ಲಿದ್ದರೆ ಇಂಥ ಮಾತು ಯಾರೂ ಬಾಯಿಬಿಟ್ಟು ಆಡಬೇಕಾಗಿಲ್ಲ.

ನಾನೇನೂ ದೇವತೆಯಲ್ಲ. ಕೊನೆಯ ವರ್ಷ ಒಂದು ದಿನ ಮೂರನೇ ಸಲ ಹಾಸಿಗೆ ಬದಲಿಸುವಾಗ, "ಸತ್ತಾದ್ರೂ ಹೋಗಬಾರ್ದಾ" ಅಂದುಬಿಟ್ಟೆ. ತಿಂಗಳುಗಳಿಂದ ನನ್ನ ಗುರುತೇ ಹಿಡಿಯದಿದ್ದ ಅಮ್ಮ ನನ್ನ ಮುಖ ನೋಡಿ, ಸ್ಪಷ್ಟವಾಗಿ, "ಆಗಲಿ ಕಣವ್ವ" ಅಂದಳು. ಆ ಮಾತನ್ನು ಇವತ್ತಿಗೂ ನುಂಗಲಾಗಿಲ್ಲ.

ಅಮ್ಮ ಹೋದ ಮೇಲೂ ಬೆಳಗಿನ ಜಾವ ಐದಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದೇನೂ ಇರಲಿಲ್ಲ. ಮನೆಯಲ್ಲಿ ಕೂರಲಾಗದೆ ಕೆರೆ ಏರಿಯ ಮೇಲೆ ನಡೆಯತೊಡಗಿದೆ. ಶಿವರಾತ್ರಿ ಕಳೆದಿತ್ತು. ನೀರು ಹಿಂದೆ ಸರಿದು ಕೆರೆಯಂಗಳದ ಮಣ್ಣು ಬಿರುಕು ಬಿಟ್ಟಿತ್ತು. ಒಂದು ದಿನ ಏರಿ ಇಳಿದು ಅಂಗಳದಲ್ಲಿ ನಡೆಯುತ್ತಿದ್ದಾಗ ಹಕ್ಕಿಯೊಂದು ಕಿರುಚುತ್ತಾ ನೆತ್ತಿಯ ಮೇಲೇ ಎರಗಿತು. ಬೆಚ್ಚಿ ನಿಂತೆ. ಕುರಿ ಮೇಯಿಸುತ್ತಿದ್ದ ಅಜ್ಜಿ ದೂರದಿಂದ ಕೂಗಿ ಹೇಳಿದಳು: "ಹಿಂದಕ್ ಬಾ ಕಣವ್ವ! ಟಿಟ್ಟಿಭ ಅದು, ಮೊಟ್ಟೆ ಮಡಗೈತೆ."

ಗೂಡೆಂದರೆ ಬರೀ ನಾಲ್ಕು ಕಲ್ಲಿನ ನಡುವಿನ ತಗ್ಗು. ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ. ಮಾರನೇ ದಿನದಿಂದ ದೂರದ ಜಾಲಿಗಿಡದ ಬುಡದಲ್ಲಿ ಕೂತು ನೋಡತೊಡಗಿದೆ. ಬಿಸಿಲೇರಿದಂತೆ ಒಂದು ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಮೊಟ್ಟೆ ತಂಪಾಗಲೆಂದು ಅದರ ಮೇಲೆ ಕೂರುತ್ತಿತ್ತು. ಆಮೇಲೆ ಇನ್ನೊಂದರ ಸರದಿ. ಪಾಳಿ ತಪ್ಪುತ್ತಿರಲಿಲ್ಲ. ನೋಡಿ ನನಗೆ ಖುಷಿಯಾಗಲಿಲ್ಲ, ಹೊಟ್ಟೆ ಉರಿಯಿತು. ನನಗೆ ಯಾವತ್ತೂ ಪಾಳಿಗೆ ಇನ್ನೊಬ್ಬರು ಇರಲಿಲ್ಲ. ಆದರೂ ದಿನಾ ಹೋದೆ.

ಯುಗಾದಿ ಹೊತ್ತಿಗೆ ತೋಟಗಳಿಗೆ ಕೆರೆಯ ಗೋಡುಮಣ್ಣು ಹೊಡೆಯುವ ಟ್ರ್ಯಾಕ್ಟರುಗಳು ಬಂದವು. ಗೂಡಿನ ಸುತ್ತ ದಪ್ಪ ಕಲ್ಲು ಜೋಡಿಸಿ, ಒಂದು ಕೋಲಿಗೆ ನನ್ನ ಹಳೇ ಕೆಂಪು ಬ್ಲೌಸು ಕಟ್ಟಿ ನೆಟ್ಟೆ. ಡ್ರೈವರಿಗೂ ಹೇಳಿದೆ.

"ಆಯ್ತು ಬುಡಿ ಮೇಡಂ, ಸುತ್ಕೊಂಡ್ ಹೋಗ್ತೀವಿ," ಅಂದ.

ಮೂರು ದಿನ ಸುತ್ತಿಕೊಂಡೇ ಹೋದ. ನಾಲ್ಕನೇ ದಿನ ಬೇರೆ ಯಾರೋ ಟ್ರ್ಯಾಕ್ಟರ್ ತಂದಿದ್ದರು. ನಾನು ಹೋಗುವಷ್ಟರಲ್ಲಿ ಕೋಲು ಮುರಿದು ಬಿದ್ದಿತ್ತು, ಟೈರಿನ ಅಚ್ಚಿನಲ್ಲಿ ಹಳದಿ ಲೋಳೆ ಮೆತ್ತಿತ್ತು. ಎರಡೂ ಹಕ್ಕಿಗಳು ಸುಮ್ಮನೆ ನಿಂತಿದ್ದವು. ಕಿರುಚಿದ್ದು ನಾನು. ಟ್ರ್ಯಾಕ್ಟರಿನ ಹಿಂದೆ ಓಡಿ ಬಾಯಿಗೆ ಬಂದಂತೆ ಬೈದೆ. ಆಮೇಲೆ ಮಣ್ಣಿನಲ್ಲೇ ಕುಸಿದು ಕೂತು ಜೋರಾಗಿ ಅತ್ತೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ ನಾನು ಅತ್ತಿರಲಿಲ್ಲ. ಕುರಿ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಎಲಡಿಕೆ ಚೀಲ ಬಿಚ್ಚುತ್ತಾ, "ಇನ್ನೊಂದ್ ಕಿತ ಇಡ್ತವೆ ಬುಡವ್ವ, ಅವಕ್ಕೇನು ನಮ್ಮಂಗೆ ಕೊರಗಕ್ಕೆ ಟೈಮ್ ಐತಾ," ಅಂದಳು.

ನಿಜವಾಗಿಯೂ ಇಟ್ಟವು. ಎರಡು ವಾರದ ಮೇಲೆ, ಟ್ರ್ಯಾಕ್ಟರು ಹತ್ತದ ಏರಿಯ ಇಳಿಜಾರಿನಲ್ಲಿ, ಮತ್ತೆ ನಾಲ್ಕು. ಈ ಸಲ ನಾನು ಕಲ್ಲು ಜೋಡಿಸಲಿಲ್ಲ, ಬಟ್ಟೆ ಕಟ್ಟಲಿಲ್ಲ. ಕಾಪಾಡುವುದು ನನ್ನ ಕೈಯಲ್ಲಿಲ್ಲ ಅಂತ ಒಪ್ಪಿಕೊಂಡು ಸುಮ್ಮನೆ ನೋಡಿದೆ. ಹಾಗೆ ನೋಡುವುದು ನನಗೆ ಹೊಸದು.

ರೋಹಿಣಿ ಮಳೆ ಹನಿದ ಮಾರನೇ ಬೆಳಿಗ್ಗೆ ಮೂರು ಮರಿ ಓಡಾಡುತ್ತಿದ್ದವು. ಒಂದು ಮೊಟ್ಟೆ ಒಡೆದಿರಲೇ ಇಲ್ಲ. ಅವನ್ನು ನೋಡುತ್ತಾ ಕೂತಿದ್ದಾಗ ಅಣ್ಣನ ಫೋನು ಬಂತು.

"ನಿಮ್ಮತ್ತಿಗೆ ಅಮ್ಮಂಗೆ ಮಂಡಿ ಆಪರೇಷನ್ನು. ಒಂದೆರಡು ತಿಂಗಳು ಇಲ್ಲಿಗೆ ಬಂದುಬಿಡು. ನಿನಗೆ ಅಭ್ಯಾಸ ಇದೆಯಲ್ಲ."

"ಬರಲ್ಲ ಅಣ್ಣ."

"ಯಾಕೆ? ಅಲ್ಲೇನು ಕೆಲಸ ನಿನಗೆ?"

"ಹಕ್ಕಿ ನೋಡ್ತಿದೀನಿ."

"ತಲೆ ಕೆಟ್ಟಿದೆ ನಿನಗೆ," ಅಂದು ಫೋನಿಟ್ಟ. ನಲವತ್ತೆಂಟು ವರ್ಷಕ್ಕೆ ಅವನಿಗೆ ನಾನು ಇಲ್ಲವೆಂದಿದ್ದು ಅದೇ ಮೊದಲು.

ಆಮೇಲೆ ತಿಳಿಯಿತು, ಅವರು ಹೋಂ ನರ್ಸ್ ಇಟ್ಟುಕೊಂಡರಂತೆ. ಹಾಗೊಬ್ಬಳು ಸಿಗುತ್ತಾಳೆ ಅನ್ನುವುದು ಆ ಒಂಬತ್ತು ವರ್ಷದಲ್ಲಿ ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ, ಅದು ಇನ್ನೂ ಕಹಿ.

ಮತ್ತೆ ಕೆಲಸ ಕೇಳಿಕೊಂಡು ಹೋದರೆ ಗುಬ್ಬಿಯ ಶಾಲೆಯವರು, ಇಷ್ಟು ವರ್ಷ ಗ್ಯಾಪ್ ಇದೆಯಲ್ಲ ಮೇಡಂ ಅಂತ ವಾಪಸ್ ಕಳಿಸಿದರು. ಕೊತ್ತಗೆರೆ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಹೊಸಬರಿಗಿಂತ ನನ್ನ ಪಾಠ ಹಳತು, ಅದು ಮಕ್ಕಳ ಮುಖ ನೋಡಿದರೇ ಗೊತ್ತಾಗುತ್ತದೆ. ರಾತ್ರಿ ಕೂತು ಮತ್ತೆ ಓದುತ್ತೇನೆ. ಅಣ್ಣ ಇವತ್ತಿನವರೆಗೂ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ಹಿಂಗಾರು ಮುಗಿದು ಕೆರೆ ತುಂಬಿದೆ. ಮೊನ್ನೆ ಬೆಳಿಗ್ಗೆ ಉತ್ತರದಿಂದ ಬಂದ ಸೂಜಿಬಾಲದ ಬಾತುಗಳ ಹಿಂಡು ಮಂಜಿನಲ್ಲಿ ಇಳಿಯುತ್ತಿತ್ತು. ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡೆ. ಸ್ಕೂಲಿಗೆ ಮುಕ್ಕಾಲು ಗಂಟೆ ಲೇಟು. ಹೆಡ್‌ಮಾಸ್ಟರು ಎಲ್ಲರೆದುರೇ ಗದರಿಸಿದರು, "ಏನಮ್ಮಾ, ಮನೇಲಿ ಏನಾದ್ರೂ ತೊಂದರೇನಾ?"

"ಇಲ್ಲ ಸಾರ್," ಅಂದೆ. "ಏನೂ ತೊಂದರೆ ಇಲ್ಲ."