ಬಸ್ಸಿಗೊಂದು ಹೆಸರು

ನಮ್ಮ ಕಡೆ ಯಾರೂ ಬರೀ ಬಸ್ಸಿನಲ್ಲಿ ಬರುವುದಿಲ್ಲ, ನೋಡಿ. ಪ್ರತಿ ಬಸ್ಸಿನ ಹಣೆಯ ಮೇಲೂ ಒಂದು ಹೆಸರು ಉಂಟು. ನೆಂಟರು ಆ ಹೆಸರಿನಲ್ಲೇ ಬರುತ್ತಾರೆ. "ಪಾರಿಜಾತದಲ್ಲಿ ಬಂದೆ" ಎಂದು ಒಬ್ಬರು ಅಂದರೆ ಸಾಕು, ಅವರು ಎಷ್ಟು ಹೊತ್ತಿಗೆ ಹೊರಟರು, ನಿಂತು ಬಂದರೋ ಕೂತು ಬಂದರೋ, ಈಗ ಚಹಾ ಕೊಡಬೇಕೋ ಊಟವನ್ನೇ ಬಡಿಸಬೇಕೋ ಎಂಬುದೆಲ್ಲ ಅವರು ಚಪ್ಪಲಿ ಬಿಡುವ ಮೊದಲೇ ಮನೆಯವರಿಗೆ ತಿಳಿದುಹೋಗುತ್ತದೆ.

ಬಂಟ್ವಾಳದಿಂದ ಹೊರಟು ಬೆಳ್ತಂಗಡಿ, ವೇಣೂರು ದಾಟಿ ಮೂಡುಬಿದಿರೆ ಸೇರುತ್ತಿದ್ದ ಆ ಪಾರಿಜಾತವನ್ನು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕನ ಗಂಡ ಪರ್ಮಿಟ್ ಸಮೇತ ಕೊಂಡರು. ದುಬೈಯಲ್ಲಿ ಸವೆಸಿದ ಪ್ರಾಯವೆಲ್ಲ ಆ ಒಂದು ಬಸ್ಸಾಗಿ ಫರಂಗಿಪೇಟೆಯ ನಮ್ಮ ಮನೆಯೆದುರು ನಿಂತಿತು. ಹಳೆಯ ಮಾಲಕರು "ಬೇಕಾದ್ರೆ ಇದೇ ಹೆಸರನ್ನು ಉಳಿಸಿಕೊಳ್ಳಿ" ಎಂದಿದ್ದರೂ ಭಾವ ಕೇಳಲಿಲ್ಲ. ಅವರಿಗೆ ಮಗಳ ಹೆಸರೇ ಆಗಬೇಕಿತ್ತು: ಶಮೀಮಾ.

ಅವಳು ಅಕ್ಕನ ಹೊಟ್ಟೆಯಲ್ಲಿದ್ದಾಗ ದುಬೈಗೆ ಹೋದವರು ಭಾವ. ನಡುವೆ ಒಂದು ಸಲ ಬಂದು ಹೋದದ್ದು ಮಗುವಿಗೆ ನೆನಪಿಲ್ಲ. ಅವಳ ಪಾಲಿಗೆ ಅಪ್ಪನೆಂದರೆ ಅಲ್ಲಿಂದ ಮಾತು ತುಂಬಿ ಕಳಿಸಿದ ಕ್ಯಾಸೆಟ್ಟಿನೊಳಗೆ ಸಲಾಂ ಹೇಳುವ ಒಂದು ಸ್ವರ. ಆ ಸ್ವರ ಮೀಸೆ ಸಮೇತ ಮನೆಯೊಳಗೆ ಬಂದು ಕೂತಾಗ ಅವಳು ಅಕ್ಕನ ಸೆರಗಿನ ಹಿಂದೆ ಅಡಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದಳು: "ಇವರು ವಾಪಸು ಹೋಗುವುದು ಯಾವಾಗ?"

ಉಮ್ಮನಿಗೆ ಮೊಮ್ಮಗಳ ಹೆಸರು ಬೀದಿಗೆ ಬರುವುದು ಸುತರಾಂ ಇಷ್ಟವಿರಲಿಲ್ಲ. ಅಳಿಯನಿಗೆ ಎದುರು ಹೇಳಲಾಗದೆ ನನಗೆ ಹೇಳಿದರು: "ನಾಳೆ ಅದು ಕೆಟ್ಟು ನಿಂತ್ರೆ ಶಮೀಮಾ ದಾರಿಯಲ್ಲಿ ಕೆಟ್ಟು ನಿಂತಿದೆ ಅಂತ ಹೇಳ್ತಾರೆ. ಹೆಣ್ಣುಮಗುವಿನ ಹೆಸರು, ಮಾರಾಯ."

ನಾನಾಗ ಮೂಡುಬಿದಿರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಹೊತ್ತು ತರುತ್ತಿದ್ದವನು. ಪರವಾದರೂ ಸರಿ, ವಿರೋಧವಾದರೂ ಸರಿ, ಗಂಟೆ ಬಾರಿಸುವವರೆಗೆ ಮಾತಾಡಬಲ್ಲವನು. ಹೆಸರೆಂಬುದು ಡಬ್ಬಿಗೆ ಅಂಟಿಸಿದ ಚೀಟಿ, ಚೀಟಿ ಬದಲಾದ ಮಾತ್ರಕ್ಕೆ ಒಳಗಿನ ಸಕ್ಕರೆ ಉಪ್ಪಾಗುವುದಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಜನರಿಗೆ ಅಷ್ಟೇ ಸಾಕು ಎಂದು ವಾದಿಸಿ ಉಮ್ಮನನ್ನು ಸುಮ್ಮನಾಗಿಸಿದೆ. ಪೈಂಟರು ಬಂದ; ಪಾರಿಜಾತ ಅಳಿದು ಶಮೀಮಾ ಮೂಡಿತು.

ಜನ ಬಸ್ಸಿಗೆ ಕೈ ತೋರಿಸಲಿಲ್ಲ. ಅದೇ ಬಸ್ಸು, ಅದೇ ಹೊತ್ತು, ಅದೇ ಡ್ರೈವರು. ಆದರೂ ಮಾರ್ಗದ ಬದಿಯಲ್ಲಿ ಕಾಯುವವರು ಕೊಡೆಯನ್ನು ಕಂಕುಳಿನಿಂದ ತೆಗೆಯದೆ, ನಮ್ಮನ್ನು ಪರವೂರಿನ ದಿಬ್ಬಣದಂತೆ ನೋಡಿ ಬಿಟ್ಟುಬಿಡುತ್ತಿದ್ದರು. ಒಂದು ದಿನ ನಾನು ಮುಂದಿನ ಸೀಟಿನಲ್ಲಿದ್ದಾಗ ಡ್ರೈವರು ತಾನಾಗಿ ನಿಲ್ಲಿಸಿ ಅಜ್ಜರೊಬ್ಬರನ್ನು ಕರೆದ.

"ಪಾರಿಜಾತ ಹಿಂದಿನಿಂದ ಬರ್ತದಾ?" ಎಂದರು ಅಜ್ಜ.

"ಪಾರಿಜಾತ ಇದೇ ಅಜ್ಜ. ಹೆಸರು ಮಾತ್ರ ಬೇರೆ."

"ಹಾಗಾದ್ರೆ ನೀನು ಹೋಗು. ನಾನು ಪಾರಿಜಾತಕ್ಕೇ ಬರ್ತೇನೆ."

ಡ್ರೈವರು ಗೇರು ಹಾಕಿದ.

ಹಳೆಯ ಹೆಸರನ್ನೇ ಬರೆಸುವ, ಇಲ್ಲದಿದ್ದರೆ ಡೀಸೆಲಿಗೂ ಹುಟ್ಟುವುದಿಲ್ಲ ಎಂದು ಡ್ರೈವರು ಹೇಳಿದ. ನಾನೂ ಪಕ್ಷ ಬದಲಿಸಿ ಅದನ್ನೇ ಹೇಳಿದೆ. "ಮಳೆಗಾಲ ಮುಗಿಯಲಿ, ನೋಡುವ" ಎಂದರು ಭಾವ. ಮತ್ತೆ ದುಬೈಗೆ ಹೋಗಬೇಕಾದೀತೇ ಎಂದು ಅವರು ಅಕ್ಕನ ಹತ್ತಿರ ತಗ್ಗಿದ ಸ್ವರದಲ್ಲಿ ಕೇಳಿದ್ದು ನನ್ನ ಕಿವಿಗೂ ಬಿತ್ತು.

ಮಳೆ ಇಳಿಯುತ್ತಿದ್ದ ದಿನಗಳಲ್ಲೊಂದು ಮಧ್ಯಾಹ್ನ, ಸಹಪಾಠಿಯ ಮನೆಗೆಂದು ನಮ್ಮ ಬಸ್ಸಿನಲ್ಲೇ ಹೋಗಿ ವೇಣೂರಿನಲ್ಲಿ ಇಳಿದು, ಗದ್ದೆಗಳ ನಡುವಿನ ಹುಣಿ ಹಿಡಿದು ನಡೆಯುತ್ತಿದ್ದೆ. ಬಸ್ಸು ಹಾರ್ನ್ ಹಾಕಿ ತಿರುವಿನಲ್ಲಿ ಮರೆಯಾಯಿತು. ಯಾವುದೋ ಮನೆಯ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಅಜ್ಜಿ ತಲೆಯನ್ನೂ ಎತ್ತದೆ ಒಳಗಿದ್ದ ಸೊಸೆಗೆ ಕೂಗಿ ಹೇಳಿದರು: "ಶಮೀಮಾ ಹೋಯ್ತು. ಅನ್ನಕ್ಕೆ ಇಡು."

ನಾನು ಹುಣಿಯ ಮೇಲೆ ಹಾಗೆಯೇ ನಿಂತೆ. ಆ ಅಜ್ಜಿಗೆ ಶಮೀಮಾ ಯಾರೆಂದು ಗೊತ್ತಿಲ್ಲ. ಬಹುಶಃ ಬಸ್ಸಿನ ಹಣೆಯ ಮೇಲಿನ ಅಕ್ಷರಗಳೂ ಗೊತ್ತಿಲ್ಲ. ಯಾರೂ ಅವರನ್ನು ವಾದಿಸಿ ಒಪ್ಪಿಸಿರಲಿಲ್ಲ. ಆದರೂ ಫರಂಗಿಪೇಟೆಯ ಒಂದು ಮಗುವಿನ ಹೆಸರು ಹೊಳೆ ದಾಟಿ, ಗುಡ್ಡ ಹತ್ತಿ, ಕಂಡರಿಯದ ಒಂದು ಒಲೆಯ ಮುಂದೆ ಮಧ್ಯಾಹ್ನವಾಗಿ ಕೂತುಬಿಟ್ಟಿತ್ತು. ಹೆಸರಿಡುವವರು ನಾವು, ನಿಜ. ಅದಕ್ಕೆ ಜೀವ ಬರುವುದು ಮಾತ್ರ ನಾವು ಕಾಣದ ಅಂಗಳಗಳಲ್ಲಿ, ನಮ್ಮ ಅಪ್ಪಣೆ ಕೇಳದ ಬಾಯಿಗಳಲ್ಲಿ. ಸಹಪಾಠಿಯ ಮನೆಯನ್ನು ಮರೆತು ನಾನು ಮಾರ್ಗಕ್ಕೆ ವಾಪಸು ನಡೆದೆ.

ಸಂಜೆ ಭಾವ ಜಗಲಿಯಲ್ಲಿದ್ದರು. ಶಮೀಮಾ ಆಚೆ ತುದಿಯಲ್ಲಿ, ಅವರಿಗೆ ಬೆನ್ನು ಹಾಕಿ, ಮಗ್ಗಿ ಬರೆಯುತ್ತಿದ್ದಳು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

ಭಾವ ನನ್ನ ಕಡೆ ತಿರುಗಿದರು. "ಯಾರ ಮನೆ ಅದು?" ಎಂದರು.

"ಗೊತ್ತಿಲ್ಲ ಭಾವ. ಕೇಳಲಿಲ್ಲ."

ಶಮೀಮಾಳ ಕಡ್ಡಿ ಸ್ಲೇಟಿನ ಮೇಲೆ ನಿಂತಿತ್ತು. ಭಾವ ಅದನ್ನು ನೋಡಿದರು, ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಇನ್ನೊಮ್ಮೆ ಹೇಳು. ಸ್ವಲ್ಪ ದೊಡ್ಡಕ್ಕೆ ಹೇಳು."