ಅಂಗಳಕ್ಕೆ ಕೇಳುವಂತೆ

"ಯಾವ ಕಂಪನಿಯವರ್ರೀ ನೀವು? ಈ ಸಲ ಯಾವ ನಾಟಕ?"

ಶಿಕಾರಿಪುರದಲ್ಲಿ ಬಸ್ಸಿನಿಂದ ಇಳಿದ ನನ್ನನ್ನು ಎಲೆ ಅಡಿಕೆ ಅಂಗಡಿಯವರು ಕೇಳಿದ ಮೊದಲ ಮಾತು ಇದು. ನಾನು ಕೇಳಿದ್ದಾದರೂ ಏನು? "ಸರಕಾರಿ ಆಸ್ಪತ್ರೆಗೆ ಯಾವ ದಾರಿಯಾಗಿ ಹೋಗಬೇಕು? ದಯವಿಟ್ಟು ತಿಳಿಸುವಿರಾ?" ಅಷ್ಟೇ. ಸುತ್ತ ನಿಂತಿದ್ದವರು ನನ್ನ ಟ್ರಂಕನ್ನು ನೋಡಿದರು, ನನ್ನನ್ನು ನೋಡಿದರು. ಟ್ರಂಕಿನೊಳಗೆ ಬಣ್ಣದ ಡಬ್ಬಿ, ಕಿರೀಟ ಇರಬೇಕೆಂದೇ ಅವರ ನಂಬಿಕೆ. ಇದ್ದದ್ದು ಎರಡು ಬಿಳಿ ಸೀರೆ, ಒಂದು ಕತ್ತರಿ, ಮಂಗಳೂರಿನಲ್ಲಿ ಸೂಲಗಿತ್ತಿಯ ತರಬೇತಿ ಮುಗಿಸಿದ ಕಾಗದ.

ಘಟ್ಟದ ಕೆಳಗಿನ ನನ್ನವರೇ, ನಿಮಗೆ ಇದು ವಿಚಿತ್ರವೆನಿಸಬಹುದು. ನಾವು ಮನೆಯಲ್ಲಿ ಆಡುವುದು ತುಳು; ಕನ್ನಡ ನಮಗೆ ಶಾಲೆಯ ಪುಸ್ತಕದಿಂದ, ಯಕ್ಷಗಾನ ಬಯಲಾಟದ ವೇಷಗಳು ಆಡುವ ಮಾತಿನಿಂದ ಬಂದದ್ದು. ಅದನ್ನು ಒಪ್ಪ ಮಾಡಿ ಇಟ್ಟುಕೊಂಡು, ಹಬ್ಬದ ಸೀರೆಯಂತೆ ಬೇಕಾದಾಗ ಉಡುತ್ತೇವೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನಗೆ ಇಲ್ಲಿಗೆ ಆರ್ಡರು ಬಂದಾಗ, ಭಾಷೆಗೇನು ತೊಂದರೆ, ಅಲ್ಲಿಯೂ ಕನ್ನಡವೇ ತಾನೆ ಎಂದು ಧೈರ್ಯದಿಂದ ಹೊರಟಿದ್ದೆ. ಇಲ್ಲಿ ಕನ್ನಡವನ್ನು ದಿನವೂ ಉಡುತ್ತಾರೆ, ಅದರಲ್ಲೇ ಕೈ ಒರೆಸುತ್ತಾರೆ, ಅದರಲ್ಲೇ ಮಗುವನ್ನು ಸುತ್ತುತ್ತಾರೆ.

ಬಾಡಿಗೆಗೆ ಕೋಣೆ ಕೊಟ್ಟವರು ಗೌರವ್ವ, ಕಿರಾಣಿ ಅಂಗಡಿಯ ಮನೆಯ ಹಿರಿಯ ಹೆಂಗಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮಾತಿನಲ್ಲಿ ಮುಲಾಜಿಲ್ಲ.

"ಮೀನ ತಿಂತೀರೇನ್ರೀ?"

"ಊರಿನಲ್ಲಿ ತಿನ್ನುತ್ತೇನೆ. ನಿಮ್ಮ ಮನೆಯಲ್ಲಿ ತಿನ್ನುವುದಿಲ್ಲ."

"ಸುಳ್ಳ ಹೇಳ್ಲಿಲ್ಲ. ಬರ್ರಿ ಒಳಗ."

ಕುಚ್ಚಲಕ್ಕಿ ಗಂಜಿಯ ನಾಲಗೆಗೆ ಜೋಳದ ರೊಟ್ಟಿ ಹೊಂದಲು ತಿಂಗಳುಗಳೇ ಬೇಕಾದವು. ಗೌರವ್ವನಿಗೆ ನನ್ನ ರೊಟ್ಟಿಗಿಂತ ನನ್ನ ತುಳುವಿನ ಮೇಲೆ ಕಣ್ಣು. ಸಂಜೆ ಅಕ್ಕಿ ಆರಿಸುತ್ತ ಒಂದೊಂದೇ ಮಾತು ಕೇಳುವರು. ನಮ್ಮಲ್ಲಿ ತಾಯಿಗೆ 'ಅಪ್ಪೆ', ತಂದೆಗೆ 'ಅಮ್ಮೆ' ಎಂದು ಹೇಳಿದ ದಿನ ಮೊರ ಕೆಳಗಿಟ್ಟು ನಕ್ಕರು.

"ನಿಮ್ಮೂರಾಗ ಗಂಡಸ್ರು ಹೆರ್ತಾರೇನ್ರೀ ಮತ್ತ?"

ಇನ್ನೊಂದು ದಿನ ನಮ್ಮ ಎರಡು 'ನಾವು'ಗಳ ಸರದಿ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ನಾವಷ್ಟೇ ಆದರೆ 'ಎಂಕ್ಲು'. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು' ಇರುವುದು ನನಗೆ ಸೋಜಿಗ. "ನಾವು ಊಟಕ್ಕೆ ಹೊರಟೇವಿ" ಎಂದು ಗೌರವ್ವ ಅಂದರೆ ನಾನೂ ಎದ್ದು ಸೆರಗು ಸರಿಮಾಡಿಕೊಳ್ಳಬೇಕೋ, ಬಾಗಿಲು ಹಾಕಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಅವರಿಗೋ ನಮ್ಮದೇ ಸೋಜಿಗ. "ಬಾಯಿ ತೆಗೆಯೋ ಮುಂಚೇನ ಯಾರು ಒಳಗ, ಯಾರು ಹೊರಗ ಅಂತ ನೋಡಬೇಕಲ್ರೀ. ಎಷ್ಟ್ ಕಷ್ಟ!"

ಒಂದೇ ಆಗಿದ್ದ ಮಾತೂ ಇತ್ತು. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುತ್ತಾರೆ, ನಮ್ಮ 'ಪೋದು ಬರ್ಪೆ'ಯಂತೆಯೇ. ಹೆರಿಗೆ ಮಾಡಿಸಿ ಹೊರಡುವಾಗ ನಾನು ಹಾಗೆ ಅಂದರೆ ಬಾಣಂತಿಯರು, "ಇನ್ನ ಮೂರ್ ವರ್ಷ ಬರಬ್ಯಾಡ್ರಿ ತಾಯಿ" ಎಂದು ಕೈಮುಗಿಯುತ್ತಿದ್ದರು.

ತುಳು ಆಡಲು ಒಬ್ಬರೂ ಸಿಗದೆ ನಾಲಗೆ ತುಕ್ಕು ಹಿಡಿದಂತಾಗಿತ್ತು. ಅದಕ್ಕೊಂದು ಉಪಾಯ ಹೂಡಿದ್ದೆ. ಆಗತಾನೆ ಹುಟ್ಟಿದ ಕೂಸಿಗೆ ಯಾವ ಭಾಷೆಯಾದರೇನು? ಮೀಯಿಸುವಾಗ ಅದಕ್ಕೆ ತುಳುವಿನಲ್ಲೇ ನನ್ನ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆ. ಆ ತಾಲ್ಲೂಕಿನ ಎಷ್ಟೋ ಮಕ್ಕಳು ಮೊದಲು ಕೇಳಿದ ಮಾತು ತುಳು ಎಂಬುದು ಅವರ ತಾಯಂದಿರಿಗೂ ತಿಳಿಯದು.

ಆ ವರ್ಷ ಗೌರವ್ವನ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡನ ಮನೆ ಸೊರಬದ ಕಡೆ, ಚಂದ್ರಗುತ್ತಿಯ ತಪ್ಪಲಿನ ಹಳ್ಳಿ. ಸರಕಾರಿ ಸೂಲಗಿತ್ತಿಯ ಕೈಗೆ ಮಗಳನ್ನು ಒಪ್ಪಿಸುವುದು ಗೌರವ್ವನ ಬೀದಿಗೇ ಹೊಸದು. ಈ ಒಂದು ಹೆರಿಗೆ ಸಸೂತ್ರವಾದರೆ ಉಳಿದ ಮನೆಗಳ ಬಾಗಿಲೂ ತೆರೆಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಬೇರೆ ಹೆರಿಗೆಗಳಲ್ಲಿ ಕೆಲಸ ಮುಗಿಸಿ ಬರುತ್ತಿದ್ದೆ; ಇದು ನನ್ನದೇ ಮನೆಯ ಕೂಸೆಂಬಂತೆ ಹಿಡಿಸಲಾರದ ಸಂತೋಷ. ನಮ್ಮದು ಅಳಿಯಕಟ್ಟಿನ ಮನೆ. ಮನೆ, ಹೆಸರು, ದೀಪ ಎಲ್ಲವೂ ಹೆಣ್ಣಿನ ಕಡೆಯಿಂದ ಮುಂದೆ ಹೋಗುವುದು. ಹೆಣ್ಣು ಹುಟ್ಟಿದರೆ ನಮ್ಮಜ್ಜಿ ಕ್ಷಣವೂ ತಡೆಯದೆ ಅಂಗಳಕ್ಕೆ ಇಳಿದು, ಗದ್ದೆಯ ಆಚೆಯ ಮನೆಗೂ ಕೇಳುವಂತೆ ಕೂಗುವರು. ಆಮೇಲೆ ಬಂದವರಿಗೆಲ್ಲ ಬೆಲ್ಲ, ನೀರು. ನಾನೂ ಹೊಕ್ಕುಳ ಬಳ್ಳಿ ಕತ್ತರಿಸಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಅಲ್ಲಿಂದಲೇ ದೊಡ್ಡ ದನಿಯಲ್ಲಿ ಕೂಗಿದೆ: "ಹೆಣ್ಣು ಮಗು! ಹೆಣ್ಣು ಮಗು!"

ನೀಲವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಗೌರವ್ವ ನನ್ನ ತೋಳು ಹಿಡಿದರು.

"ಮಾಸು ಬೀಳೋ ಮುಂಚೆ ಹಿಂಗ ಕೂಗ್ತಾರೇನ್ರೀ? ಆಕಿ ಮನಸ್ಸು ಕುಸಿದ್ರ ಮಾಸು ಒಳಗ ನಿಲ್ಲತೈತಿ. ಮಗಳನ್ನ ಕೊಲ್ಲೂಕ ಬಂದೀರೇನು?"

ಮಗುವಿನ ಹಿಂದೆ ಬೀಳಬೇಕಾದ ಮಾಸು ಅಂದು ನಿಜವಾಗಿಯೂ ಹೊತ್ತಾದರೂ ಬೀಳಲಿಲ್ಲ. ರಕ್ತ ಹೋಗುತ್ತಲೇ ಇತ್ತು. ನೀಲವ್ವನ ಕೈ ತಣ್ಣಗಾದಾಗ ನನಗೆ ಬಂದಷ್ಟು ಭಯ ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ. ಹೊಟ್ಟೆಯನ್ನು ಒತ್ತಿ ನೀವುತ್ತ, ನಮ್ಮೂರಿನ ದೈವಗಳನ್ನೆಲ್ಲ ಕರೆದೆ. ಕೊನೆಗೂ ಬಿತ್ತು, ನೀಲವ್ವ ಉಳಿದಳು. ಕೂಗಿದ್ದಕ್ಕೆ ಮಾಸು ನಿಲ್ಲುವುದಿಲ್ಲವೆಂದು ನನ್ನ ಪುಸ್ತಕ ಹೇಳುತ್ತದೆ. ಗೋಡೆಗೆ ತಿರುಗಿದ ಆ ಮುಖ ಕಂಡವಳಾಗಿ, ಪುಸ್ತಕದ ಮಾತನ್ನು ಇಂದಿಗೂ ಪೂರ್ತಿ ನಂಬಲಾರೆ.

ಕೆಲವು ದಿನಗಳಲ್ಲಿ ಸ್ವಾಮಿಗಳು ಬಂದು ಆ ಹೆಣ್ಣು ಕೂಸಿಗೂ ಗಂಡಿಗೆ ಕಟ್ಟುವಂಥದೇ ಲಿಂಗ ಕಟ್ಟಿದರು. ಹೆಣ್ಣೆಂದು ಸಪ್ಪಗಾದ ಮನೆಯಲ್ಲೇ ಈ ಸಮಾನತೆ ಕಂಡು ನಾನು ಬೆರಗಾದೆ. ಗೌರವ್ವನನ್ನು ಕೇಳಿ ತಿಳಿಯಬೇಕೆಂಬ ಆಸೆ ನಾಲಗೆಯ ತುದಿಯಲ್ಲಿತ್ತು. ಅವರು ನನ್ನೊಡನೆ ಮಾತು ಬಿಟ್ಟಿದ್ದರು. 'ನಮ್ಮ ನರ್ಸಮ್ಮ' ಹೋಗಿ 'ಆ ನರ್ಸಮ್ಮ' ಆಗಿದ್ದೆ. ಬೀದಿಯಲ್ಲಿ ಮೂರು ಹೆರಿಗೆಗಳಾದವು, ಒಂದಕ್ಕೂ ನನ್ನನ್ನು ಕರೆಯಲಿಲ್ಲ. ಅವಮಾನ ನುಂಗಿಕೊಳ್ಳಬಹುದಿತ್ತು, ಅಕ್ಕಿ ಆರಿಸುವ ಸಂಜೆಗಳು ಹೋದದ್ದೇ ನನ್ನನ್ನು ಅಳಿಸಿದ್ದು.

ಮುಂದೆ ಸೊರಬಕ್ಕೆ ವರ್ಗವಾಯಿತು. ಒಂದೇ ದಿನದ ದಾರಿಯಲ್ಲಿ 'ಬರ್ರಿ' ಹೋಗಿ 'ಬನ್ನಿ' ಬಂತು, 'ಐತಿ' ಹೋಗಿ 'ಐತೆ' ಬಂತು, ರೊಟ್ಟಿ ಹೋಗಿ ಅನ್ನ ಬಂತು. ಅನ್ನ ಕಂಡು ಜೀವ ತಣ್ಣಗಾಯಿತು. ಆದರೆ ನನ್ನ ಬಾಯಿ ಅಷ್ಟರಲ್ಲಿ ಗೌರವ್ವನ ಮಾತು ಕಲಿತುಬಿಟ್ಟಿತ್ತು. "ನರ್ಸಮ್ಮ ಬಯಲುಸೀಮೆ ಕಡೆಯವ್ರು" ಎಂದು ಸೊರಬದವರು ತೀರ್ಮಾನಿಸಿದರು. ಕಡಲಿನ ಕಡೆಯವಳು ಎಂದರೆ ನಂಬುವವರಿಲ್ಲ!

ಅಲ್ಲಿ ನಾನು ಬಾಯಿ ಬಿಗಿಹಿಡಿದೇ ಕೆಲಸ ಮಾಡಿದೆ. ಮಗು ಹುಟ್ಟಿದರೆ ತುಟಿ ಎರಡು ಮಾಡುತ್ತಿರಲಿಲ್ಲ. ಮಾಸು ಬಿದ್ದು, ಕೈ ತೊಳೆದು, ಹೊರಗೆ ಬಂದು ಮೊದಲು "ತಾಯಿ ಚೆನ್ನಾಗಿದಾಳೆ" ಅನ್ನುವುದು. ಕೇಳಿದರೆ ಮಾತ್ರ ಮಗುವಿನ ಮಾತು. ಜನ ಕರೆಯತೊಡಗಿದರು.

ಹೀಗಿರುವಾಗ ಒಂದು ದಿನ ಬೆಳಗಾಗುತ್ತಲೇ ನೀಲವ್ವನ ಗಂಡ ಗಾಡಿ ಕಟ್ಟಿಕೊಂಡು ಬಂದರು. "ಎರಡನೇದು, ನರ್ಸಮ್ಮಾರೇ. ಬೇರೆ ಯಾರೂ ಬ್ಯಾಡ, ನಿಮ್ಮನ್ನೇ ಕರ್ಕಂಡು ಬರಬೇಕು ಅಂತ ಹಟ ಹಿಡಿದಾಳೆ."

ಆ ಮನೆಯ ಬಾಗಿಲಲ್ಲಿ ನಿಂತಿದ್ದವರು ಗೌರವ್ವ, ಮಗಳ ಬಾಣಂತನಕ್ಕೆಂದು ಬಂದವರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. "ಬಾಯಿ ಭದ್ರ" ಅಂದರು, ಅಷ್ಟೇ.

ಬಿಸಿಲು ಇಳಿಯುವ ಮೊದಲೇ ಹೆರಿಗೆಯಾಯಿತು. ಮತ್ತೆ ಹೆಣ್ಣು. ನಾನು ಕಲ್ಲಿನಂತೆ ಸುಮ್ಮನಿದ್ದು ಕಾದೆ. ಮಾಸು ಬಿತ್ತು. ಕೈ ತೊಳೆದು, "ನೀಲವ್ವ ಚಲೋ ಅದಾಳ್ರಿ" ಅಂದೆ. ಗೌರವ್ವ ತಲೆಯಾಡಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದ ನೀಲವ್ವ ಮೊಣಕೈ ಊರಿ ತುಸು ಎದ್ದಳು.

"ಹೆಣ್ಣಲ್ಲೇನ್ರೀ?"

ಹೌದೆಂದು ತಲೆದೂಗಿದೆ.

"ಹಂಗಾದ್ರ ಕೂಗ್ರಿ."

ಕೈ ಒರೆಸುತ್ತಿದ್ದ ಬಟ್ಟೆ ಹಿಡಿದೇ ಅವಳ ಹತ್ತಿರ ಹೋದೆ.

"ಮೊದಲ್ನೇದು ಹುಟ್ಟಿದಾಗ ಖುಷಿಯಿಂದ ಕೂಗಿದೋರು ಇಡೀ ಊರಾಗ ನೀವೊಬ್ರ. ಅವತ್ತು ನಂಗ ಸಿಟ್ಟು ಬಂದಿತ್ತು. ಆಮ್ಯಾಲೆ ಮಗಳನ್ನ ತೊಡಿ ಮ್ಯಾಲೆ ಹಾಕ್ಕೊಂಡಾಗೆಲ್ಲ ಆ ಕೂಗ ನೆನಪಾಗ್ತಿತ್ತು. ಇದಕ್ಯಾಕ ಕಮ್ಮಿ ಮಾಡ್ತೀರಿ?"

ನಾನು ಗೌರವ್ವನ ಕಡೆ ತಿರುಗಿದೆ. ಅವರು ಬಗ್ಗಿ ಮೊಮ್ಮಗಳ ಮುಖ ನೋಡಿದರು. ಆಮೇಲೆ ಹೋಗಿ ತಮ್ಮ ಕೈಯಿಂದಲೇ ಬಾಗಿಲು ತೆರೆದರು.

"ಮಾಸು ಬಿತ್ತಲ್ಲ. ಇನ್ನೇನ್ ಅಡ್ಡಿ? ಕೂಗ್ರಿ, ನಿಮ್ಮೂರಾಗ ಹೆಂಗ ಕೂಗ್ತೀರೋ ಹಂಗ."

ಕೂಗಿದೆ. ಬಾಯಿಂದ ಬಂದದ್ದು ತುಳುವೇ: "ಪೊಣ್ಣು ಬಾಲೆ! ಪೊಣ್ಣು ಬಾಲೆ!" ಕೇರಿಯವರು ಹೆದರಿ ಓಡಿ ಬಂದರು. "ಹೆಣ್ಣ ಹುಟ್ಟೈತಿ ಅಂತ ಹೇಳಾಕತ್ತಾರ, ನಮ್ಮ ನರ್ಸಮ್ಮ," ಎಂದು ಗೌರವ್ವ ಅವರ ಕೈಗೆಲ್ಲ ಬೆಲ್ಲದ ಚೂರು ಹಾಕಿದರು. ನನ್ನ ಕೈಗೂ ಒಂದು ಚೂರು ಬಿತ್ತು; ಕಣ್ಣು ತುಂಬಿ ಯಾರು ಕೊಟ್ಟರೆಂದೂ ಕಾಣಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನೀವು ನನ್ನನ್ನು ಹೊಗಳುತ್ತಿದ್ದಿರಿ. ಆದರೆ ಹೋದ ತಿಂಗಳು ರಜೆ ಹಾಕಿ, ಘಟ್ಟ ಇಳಿದು, ತಂಗಿಯ ಹೆರಿಗೆಗೆ ಊರಿಗೆ ಬಂದಿದ್ದೆ. ಹೆಣ್ಣು ಮಗು. ನಾನು ಅಭ್ಯಾಸದಂತೆ ಸುಮ್ಮನೆ ಕಾದೆ, ಮಾಸು ಬಿದ್ದ ಮೇಲೆ ಕೈ ತೊಳೆದೆ, ಚಾವಡಿಗೆ ಬಂದು ಮೆಲ್ಲಗೆ ಹೇಳಿದೆ: ತಾಯಿ ಚೆನ್ನಾಗಿದ್ದಾಳೆ. ಅಜ್ಜಿ ಕಂಬ ಹಿಡಿದು ಹಾಗೆಯೇ ಕುಸಿದು ಕುಳಿತರು. ಗಂಡಾದರೂ ಒಂದು ಕೂಗು ಏಳುವ ಆ ಮನೆಯಲ್ಲಿ, ಕೂಗೇ ಇಲ್ಲದ ಹೆರಿಗೆ ಎಂದರೆ ಕೂಸು ಉಳಿಯಲಿಲ್ಲವೆಂದೇ ಅರ್ಥ. ನಾನು ಅದನ್ನು ಮರೆತಿದ್ದೆ!

ಕೂಸನ್ನು ತಂದು ಮಡಿಲಲ್ಲಿಟ್ಟ ಮೇಲೆ ಅವರಿಗೆ ಉಸಿರು ಬಂತು. ನನ್ನ ಭುಜಕ್ಕೊಂದು ಗುದ್ದಿದರು. "ಘಟ್ಟದವಳೇ ಆಗಿಬಿಟ್ಟೆಯಲ್ಲ ಮಾರಾಯ್ತಿ!" ಎಂದು ಬೈದು, ಮುದಿ ಕಾಲೆಳೆಯುತ್ತ ತಾವೇ ಅಂಗಳಕ್ಕೆ ಇಳಿದು ಕೂಗತೊಡಗಿದರು.

ನಾನು ಅವರ ಜೊತೆ ಇಳಿಯಲಿಲ್ಲ. ಮಾಸು ಬಿದ್ದಾಗಿತ್ತು, ಹೆದರುವಂಥದು ಏನೂ ಇರಲಿಲ್ಲ. ಆದರೂ ಮೊದಲ ಕೂಗು ಕೇಳಿದೊಡನೆ ಒಳಗೆ ಓಡಿದೆ, ತಂಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳೇನೋ ಎಂದು. ಅವಳು ನಗುತ್ತಿದ್ದಳು.