ಹೊಸ್ತಿಲ ಕಂದೀಲು

ಹೊಗೆಗೂ ಸಿಹಿ ವಾಸನೆ ಇರುತ್ತದೆಂದು ನನಗೆ ಗೊತ್ತಾದದ್ದು ವಾಶಿಯ ಆ ಏಸಿ ಹಾಲ್‌ನಲ್ಲಿ. ಆ ಭಾನುವಾರ ಮಗಳ ಜೊತೆ ಪ್ರಾರ್ಥನಾ ಸಭೆಗೆ ಹೋಗಿದ್ದೆ. ವೇದಿಕೆಯ ಬದಿಯಲ್ಲಿದ್ದ ಯಂತ್ರವೊಂದು ಬುಸ್ಸೆಂದು ಬಿಳಿ ಹೊಗೆ ಬಿಟ್ಟಿತು, ಅದರೊಳಗೆ ನೀಲಿ ದೀಪಗಳು ತಿರುಗತೊಡಗಿದವು. ಬಿಗಿ ಪ್ಯಾಂಟಿನ ತರುಣ ಪಾಸ್ಟರ್ ಮೈಕಿಗೆ ತುಟಿ ಅಂಟಿಸಿಕೊಂಡು, "ದೈವಿಕ ಬೆಳಕು ಇಳೀತಾ ಇದೆ, ಫೀಲ್ ಮಾಡಿ, ಫೀಲ್ ಮಾಡಿ!" ಎಂದ. ಇಳಿಯುತ್ತಿದ್ದದ್ದು ಬಾಡಿಗೆಯ ಬೆಳಕು. ಮದುವೆ ಮೆರವಣಿಗೆಯ ಡೀಜೆಯವನನ್ನು ಕೇಳಿದರೆ ಅವನೂ ಇಳಿಸಿಕೊಡುತ್ತಾನೆ, ಮೇಲೆ ಉಪದೇಶ ಮಾಡುವುದಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಸಿಹಿ ಹೊಗೆಯ ಹಿಂದೆಯೇ ಸೀಮೆಎಣ್ಣೆಯ ವಾಸನೆ, ಕರಕಲು ಬತ್ತಿಯ ವಾಸನೆ, ಒಲೆಯ ಬೂದಿಯಲ್ಲಿ ಉಜ್ಜಿದ ಗಾಜಿನ ವಾಸನೆ ನೆನಪಿನಿಂದ ಎದ್ದು ಬಂದು ಮೂಗಿಗೆ ಹತ್ತಿದವು. ದಿವಾ ಸ್ಟೇಶನ್ ಬಳಿಯ ಗಲ್ಲಿಯಲ್ಲಿದ್ದ ನಮ್ಮ ದೊಡ್ಡವ್ವ ಕರುಣಮ್ಮನ ಮನೆಯ ವಾಸನೆ ಅದು.

ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಈಗ ಅದರ ಜಾಗದಲ್ಲಿ ಏಳು ಮಹಡಿ ಎದ್ದಿರಬಹುದು. ನನ್ನ ಅವ್ವ ಡೊಂಬಿವಲಿಯ ಕಾರ್ಖಾನೆಗೆ ಹೋಗುತ್ತಿದ್ದಳು, ಆದ್ದರಿಂದ ನಾನು ಬೆಳೆದದ್ದೆಲ್ಲ ಅವಳ ಅಕ್ಕನ ಆ ಒಂದೇ ಕೋಣೆಯಲ್ಲಿ. ರಾಯಚೂರು ಕಡೆಯಿಂದ ಬರುವಾಗ ದೊಡ್ಡವ್ವ ತಂದದ್ದು ರೊಟ್ಟಿ ಬಡಿಯುವ ಕಲ್ಲು, ಬೈಬಲ್ ಮತ್ತು ಒಂದು ಕಂದೀಲು. ದಿವಾದಲ್ಲಿ ಆಗ ಸಂಜೆಯಾದರೆ ಸಾಕು, ಕರೆಂಟು ಕೈಕೊಡುತ್ತಿತ್ತು. ಹೊತ್ತು ಮುಳುಗುವ ಮೊದಲೇ ಅವಳು ಗಾಜು ಉಜ್ಜಿ, ಸೆರಗಿನಿಂದ ಒರೆಸಿ, ಬತ್ತಿ ಹಚ್ಚಿ, ಕೈ ಮುಗಿದು, "ಬೆಳಕಾದ ತಂದಿ, ಹೊರಗಿದ್ದವರೆಲ್ಲ ಮನಿ ಸೇರಲಿ" ಎನ್ನುತ್ತಿದ್ದಳು. ಆಮೇಲೆ ಕಂದೀಲನ್ನು ಒಳಗಿಡದೆ ಹೊಸ್ತಿಲ ಮೇಲೆ ಇಡುತ್ತಿದ್ದಳು. ನಮ್ಮ ಗಲ್ಲಿಯ ನಟ್ಟನಡುವೆ ತೆರೆದ ಗಟಾರ. ಲೋಕಲ್ ಇಳಿದು ಬರುವ ಗಂಡಸರು, ಹೆಂಗಸರು, ಯಾವ ಜಾತಿ ಯಾವ ದೇವರವರೋ, ಆ ಬೆಳಕು ನೋಡಿಕೊಂಡು ಹೆಜ್ಜೆ ಇಡುತ್ತಿದ್ದರು. ನಾವು ಮಾತ್ರ ಒಳಗೆ ಅರೆಗತ್ತಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಕರೆಂಟಿದ್ದ ದಿನ ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತಿಕೊಂಡರೆ ಅದಕ್ಕೂ ಅವಳು ಕೈ ಮುಗಿಯುವವಳೇ. ಹಿಟ್ಟು ಮೆತ್ತಿದ ಕೈಯಾದರೂ ಸರಿ, ಎರಡೂ ಸೇರಿ ಎದೆಗೆ ಬರುತ್ತಿದ್ದವು.

ಭಾನುವಾರದ ಕನ್ನಡ ಸಭೆ ನಡೆಯುತ್ತಿದ್ದದ್ದೂ ಅದೇ ಕೋಣೆಯಲ್ಲಿ. ಹೀಗಿರುವಾಗ ಬೆಂಗಳೂರು ಕಡೆಯ ಪಾಸ್ಟರ್ ಒಬ್ಬರು ಬಂದರು. ಬಂದವರು ವರ್ಷವಿಡೀ ದೊಡ್ಡವ್ವನ ರೊಟ್ಟಿ, ಪುಂಡಿಪಲ್ಯ ಹೊಟ್ಟೆತುಂಬ ಉಂಡರು. ಸಭೆ ಬೆಳೆದು ಸ್ಟೇಶನ್ ಹತ್ತಿರದ ಶೆಡ್ಡಿಗೆ ಹೋದದ್ದೇ ತಡ, ಅವರಿಗೆ ನಮ್ಮನ್ನೆಲ್ಲ ಹೊಸ ಮನುಷ್ಯರನ್ನಾಗಿ ಮಾಡುವ ಹುರುಪು ಹತ್ತಿತು. ಹಳೆಯ ಬದುಕಿನ ಗುರುತು ಏನಿದೆಯೋ ತಂದು ಬಿಸಾಕಿ ಎಂದರು. ಜನ ಕೈಯ ದಾರ, ಕಾಲುಂಗುರ ತಂದು ರಾಶಿ ಹಾಕಿದರು. ದೊಡ್ಡವ್ವ ಏನನ್ನೂ ತರಲಿಲ್ಲ. ಅವಳು ದೀಪಕ್ಕೆ ಕೈ ಮುಗಿಯುತ್ತಾಳೆ, ಅದು ವಿಗ್ರಹಾರಾಧನೆ ಎಂದು ಯಾರೋ ಪುಣ್ಯಾತ್ಮರು ಪಾಸ್ಟರರ ಕಿವಿ ಊದಿದ್ದರು. ಊದಿದವರೂ ಆ ಕಂದೀಲಿನ ಬೆಳಕಿನಲ್ಲೇ ಮನೆ ಸೇರುತ್ತಿದ್ದವರು. ಉಂಡ ಮನೆಗೆ ಎರಡು ಬಗೆಯುವವರಿಗೆ ದಿವಾದಲ್ಲಿ ಯಾವತ್ತೂ ಬರವಿರಲಿಲ್ಲ.

ಒಂದು ಸಂಜೆ ಪಾಸ್ಟರ್ ಸ್ವತಃ ಮನೆಗೆ ಬಂದರು. ಕರೆಂಟು ಹೋಗಿತ್ತು. ಬಿಳಿ ಪ್ಯಾಂಟನ್ನು ಎತ್ತಿ ಹಿಡಿದುಕೊಂಡು, ಗಟಾರದ ಅಂಚು ನೋಡುತ್ತ, ಆ ಕಂದೀಲಿನ ಬೆಳಕಿನಲ್ಲೇ ಹೊಸ್ತಿಲವರೆಗೆ ಬಂದು, ಅದನ್ನೇ ದಾಟಿ ಒಳಗೆ ಬಂದು ಕೂತರು.

"ನೋಡಮ್ಮ, ನೀವಿನ್ನೂ ಹಳೇ ಕತ್ತಲೇಲೇ ಇದ್ದೀರ," ಎಂದರು. "ದೀಪಕ್ಕೆ ಕೈ ಮುಗಿಯೋದು ಬಿಡಿ. ಈ ಕಂದೀಲು ತಂದು ಎಲ್ಲರೆದುರಿಗೆ ಒಪ್ಪಿಸಿ. ಅಲ್ಲೀತನಕ ನಿಮಗೆ ಕರ್ತನ ಭೋಜನ ಇಲ್ಲ."

ಸಭೆಯಲ್ಲಿ ತಿಂಗಳಿಗೊಮ್ಮೆ ತಟ್ಟೆಯಲ್ಲಿ ಹಂಚುವ ಆ ಪವಿತ್ರ ರೊಟ್ಟಿಯ ಚೂರು, ಆ ಗುಟುಕು ದ್ರಾಕ್ಷಾರಸ, ಅದಕ್ಕಾಗಿ ದೊಡ್ಡವ್ವ ಹಿಂದಿನ ದಿನವಿಡೀ ಉಪವಾಸವಿರುತ್ತಿದ್ದಳು. "ಅಯ್ಯನವರ, ನಾ ಕಂದೀಲಿಗೆ ಮುಗಿಯಂಗಿಲ್ರಿ, ಬೆಳಕ ಕೊಟ್ಟಾತಗ ಮುಗೀತೀನಿ," ಎಂದಳು. "ಇದನ್ನ ಕೊಟ್ರ ನಂದೇನೂ ಹೋಗಂಗಿಲ್ಲ. ಗಲ್ಲ್ಯಾಗ ಬರೋ ಮಂದಿ ಗಟಾರದಾಗ ಬೀಳ್ತಾರಲ್ರಿ?"

ಪಾಸ್ಟರ್ ಎದ್ದರು. ಹೊರಗೆ ಗಾಳಿ ಎದ್ದು ಕಂದೀಲಿನ ಕುಡಿ ಹೊಯ್ದಾಡುತ್ತಿತ್ತು, ದಾರಿ ಕಾಣುತ್ತಿರಲಿಲ್ಲ. "ತಡೀರಿ, ಬಿದ್ದೀರಿ" ಎಂದು ದೊಡ್ಡವ್ವ ಕಂದೀಲು ಎತ್ತಿಕೊಂಡು ಗಲ್ಲಿಯ ತುದಿಯವರೆಗೆ ಅವರ ಮುಂದೆ ನಡೆದಳು. ಆ ಮಹಾನುಭಾವರು ಅವಳ ಬೆಳಕಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಪ್ಯಾಂಟಿಗೆ ಒಂದು ಚುಕ್ಕೆ ಕೆಸರೂ ಸಿಡಿಯದಂತೆ ಪಾರಾದರು. ಮುಂದಿನ ಭಾನುವಾರ ತಟ್ಟೆ ಹಿಡಿದು ಅವಳ ಸಾಲಿಗೆ ಬಂದು, ಅವಳನ್ನು ಬಿಟ್ಟು, ಪಕ್ಕದವಳಿಗೆ ಕೊಟ್ಟರು. ಥೂ! ಇಷ್ಟು ವರ್ಷವಾದರೂ ಈ ಮಾತು ಬಂದಾಗ ನನ್ನ ಬಾಯಲ್ಲಿ ಬೇರೆ ಶಬ್ದ ಬರುವುದಿಲ್ಲ.

ದೊಡ್ಡವ್ವ ಸಭೆ ಬಿಡಲಿಲ್ಲ, ಕಂದೀಲನ್ನೂ ಬಿಡಲಿಲ್ಲ. ಪ್ರತಿ ಸಲ ಉಪವಾಸವಿದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು, ತಟ್ಟೆ ಬಂದಾಗ ಕೈ ಚಾಚುತ್ತಿದ್ದಳು. ತಟ್ಟೆ ಮುಂದೆ ಹೋಗುತ್ತಿತ್ತು. ಕೈ ಮಡಿಲಿಗೆ ಬರುತ್ತಿತ್ತು. ಮನೆಗೆ ಬಂದು ಏನೂ ಆಗದವಳ ಹಾಗೆ ಗಾಜು ಉಜ್ಜುತ್ತಿದ್ದಳು. ಹಾಗೆಯೇ ತೀರಿಕೊಂಡಳು. ಮಣ್ಣಿನ ದಿನ ಅದೇ ಪಾಸ್ಟರ್, ನಮ್ಮ ಸಹೋದರಿ ನಿತ್ಯ ಬೆಳಕಿಗೆ ಸೇರಿದ್ದಾರೆಂದು ಗದ್ಗದವಾಗಿ ಪ್ರಸಂಗ ಮಾಡಿದರು. ಆಹಾ, ಏನು ಕಂಠ! ಮನೆ ಮಾರಿ ಹೋಯಿತು. ಕಂದೀಲು ಯಾವ ಗುಜರಿಯವನ ಗಾಡಿ ಹತ್ತಿತೋ ಗೊತ್ತಿಲ್ಲ.

ವಾಶಿಯ ಹಾಲ್‌ನಲ್ಲಿ ಫೀಲ್ ಮಾಡಿಸುತ್ತಿದ್ದವನು ಆ ಪಾಸ್ಟರರ ಮಗ. ಮುಂದಿನ ಸೋಫಾದಲ್ಲಿ ಮುದುಕರಾದ ಅವರೇ ಕೂತಿದ್ದರು. ಬೆಳಕು ಇನ್ನೂ ಇಳಿಯುತ್ತಿರುವಾಗಲೇ ಕರೆಂಟು ಹೋಯಿತು. ದೈವಿಕ ಬೆಳಕು ಹೊಗೆಯ ಸಮೇತ ಬಂದ್. ಜನರೇಟರ್ ಗುರ್ ಎಂದು, ಸಾದಾ ಟ್ಯೂಬ್‌ಲೈಟುಗಳು ಹತ್ತಿಕೊಂಡಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಕಡೆಯ ಹೆಂಗಸರ ಕೈಗಳು ತಾವಾಗಿ ಕೂಡಿಕೊಂಡವು. ನನ್ನವೂ ಕೂಡಿದ್ದವು. "ನೋಡಿ, ಆತ್ಮ ಮುಟ್ಟಿತು!" ಎಂದು ಮಗರಾಯ ಅದನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡ.

ಆಮೇಲೆ ತಟ್ಟೆ ಬಂತು. ಹಿಡಿದು ಬಂದವರು ಆ ಮುದುಕ ಪಾಸ್ಟರೇ. ನನ್ನ ಮುಂದೆ ಹಿಡಿದರು.

"ಮೊದ್ಲು ಕರುಣಮ್ಮಗ ಕೊಡ್ರಿ," ಎಂದೆ.

ಅವರು ನನ್ನ ಅಕ್ಕಪಕ್ಕ ಹುಡುಕಿದರು. "ಯಾವ ಕರುಣಮ್ಮ?" ಎಂದರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ನಾನು ಕೈ ಚಾಚಲಿಲ್ಲ. ತಟ್ಟೆ ಮುಂದೆ ಹೋಯಿತು.

ಸಾನಪಾಡಾದ ನಮ್ಮ ಮನೆಗೆ ಬಂದಾಗ ಸಂಜೆಯಾಗಿತ್ತು. ದೀಪ ಹಾಕಿ, ಕೈ ಮುಗಿದು, ದೊಡ್ಡವ್ವನ ಮಾತನ್ನು ಎಷ್ಟೋ ವರ್ಷದ ಮೇಲೆ ಗಟ್ಟಿಯಾಗಿ ಹೇಳಿದೆ: ಹೊರಗಿದ್ದವರೆಲ್ಲ ಮನಿ ಸೇರಲಿ. ಚಪ್ಪಲಿ ಬಿಡುತ್ತಿದ್ದ ಮಗಳು ತಿರುಗಿ ನೋಡಿ, ಹೊರಗೆ ಯಾರೆಂದು ತನ್ನ ಹಿಂದಿಯಲ್ಲಿ ಕೇಳಿದಳು.

"ಬಾಹರ್ ಕೌನ್ ಹೈ, ಮಮ್ಮಿ?"

"ನಮ್ಮ ದೊಡ್ಡವ್ವ," ಎಂದೆ.